ಹೆಸರಿಲ್ಲದ ಕಸುಬು

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಗಣಕಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವುದು ಅವನ ಉದ್ಯೋಗ. “ಹಸ್ತಪ್ರತಿ ಎಂದರೆ ತಮಗೆ ಪ್ರೀತಿಯಲ್ಲವೆ ಸಾರ್, ನೋಡಿ” ಎನ್ನುತ್ತ ಕೆಲವು ಹಾಳೆಗಳನ್ನು ನನ್ನ ಮುಂದಿಟ್ಟ. ಶಾಯಿಪೆನ್ನಿನ ಅಚ್ಚುಕಟ್ಟಾದ ಇಂಗ್ಲಿಷ್ ಬರಹ. ತಲೆಯ ಮೇಲೊಂದು ಕ್ರಮಸಂಖ್ಯೆ. ಚಿತ್ತುಕಾಟು ಬಹಳ ವಿರಳ. ಯಾರೋ ಕವಿಯ ಕೈಬರಹವಿರಬೇಕೆಂದುಕೊಂಡೆ. ಅದು ಕವಿಯದಾಗಿರಲಿಲ್ಲ, ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ಪ್ರೋಗ್ರಾಮರನದಾಗಿತ್ತು. ಆ ಹಾಳೆಗಳು ನನ್ನದೇ ಒಂದು ಹಳೆಯ ತಪ್ಪನ್ನು ನೆನಪಿಗೆ ತಂದವು. ಅದನ್ನು ಹೇಳುವ ಮೊದಲು ಈ ಮನುಷ್ಯನ ಕಥೆಯನ್ನು ಹೇಳಬೇಕು.

ಡೈಕ್‌ಸ್ಟ್ರಾ ಹುಟ್ಟಿದ್ದು 1930ರಲ್ಲಿ, ರಾಟರ್‌ಡ್ಯಾಮ್ ನಗರದಲ್ಲಿ. ಲೈಡನ್ನಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರನಾಗಿ ಸೇರಿದ. ಎರಡು ದೋಣಿಗಳಲ್ಲಿ ಕಾಲಿಟ್ಟು ಮೂರು ವರ್ಷ ಕಳೆದ ಮೇಲೆ ಅವನನ್ನು ಸಂಶಯವೊಂದು ಕಾಡತೊಡಗಿತು. ಯಂತ್ರವನ್ನು ಕಟ್ಟುವವರು ತಮಗೆ ವಿದ್ಯುತ್ ವಿದ್ಯೆ ಗೊತ್ತೆಂದು ಹೇಳಿಕೊಳ್ಳಬಹುದು. ಅದಕ್ಕೆ ಆಜ್ಞೆಗಳನ್ನು ಬರೆಯುವ ತನಗೆ ಗೊತ್ತಿರುವ ಶಾಸ್ತ್ರ ಯಾವುದು? ಇದೂ ಒಂದು ವಿದ್ಯೆಯೆ? ಈ ಅಳುಕನ್ನು ಹೊತ್ತು ತನ್ನ ಹಿರಿಯ ಅಧಿಕಾರಿ ವಾನ್ ವೇನ್‌ಗಾರ್ಡನ್ನನ ಕೋಣೆಗೆ ಹೋದ. ಆತ ತಾಳ್ಮೆಯಿಂದ ಕೇಳಿ, ನಿನ್ನ ಸಂಶಯ ನಿಜವೇ; ಆದರೆ ಗಣಕಯಂತ್ರಗಳು ನಿಲ್ಲಲು ಬಂದಿವೆ, ನಾವಿನ್ನೂ ಆರಂಭದಲ್ಲಿದ್ದೇವೆ, ಈ ಕಸುಬನ್ನು ಗೌರವದ ವಿದ್ಯೆಯಾಗಿಸುವವರಲ್ಲಿ ನೀನೂ ಒಬ್ಬನೇಕಾಗಬಾರದು ಎಂಬರ್ಥದ ಮಾತನ್ನಾಡಿದ. ಕೆಲವು ಗಂಟೆಗಳ ಬಳಿಕ ಹೊರಬಂದವನು ಬೇರೆಯೇ ಮನುಷ್ಯನಾಗಿದ್ದ.

ಆದರೆ ಲೋಕ ಇನ್ನೂ ಬದಲಾಗಿರಲಿಲ್ಲ. 1957ರಲ್ಲಿ ಮದುವೆಯಾದಾಗ ವರನ ವೃತ್ತಿಯನ್ನು ದಾಖಲಿಸಬೇಕಾಯಿತು. “ಪ್ರೋಗ್ರಾಮರ್” ಎಂದ. ಅಂತಹ ವೃತ್ತಿಯೇ ಇಲ್ಲವೆಂದು ಆಮ್‌ಸ್ಟರ್‌ಡ್ಯಾಮಿನ ನಗರಾಡಳಿತ ಒಪ್ಪಲಿಲ್ಲ. ಕೊನೆಗೆ ದಾಖಲೆಯಲ್ಲಿ ಕಂಡದ್ದು “ಸೈದ್ಧಾಂತಿಕ ಭೌತವಿಜ್ಞಾನಿ” ಎಂದು! ಎಂಬತ್ತರ ದಶಕದ ಮೊದಲಿಗೆ ನಾನು ಕನ್ನಡ ಎಂ.ಎ. ಮುಗಿಸಿ ಬಂದಾಗ, “ಅದು ಸರಿ, ಹೊಟ್ಟೆಪಾಡಿಗೆ ಏನು?” ಎಂದು ನಂಟರು ಕೇಳುತ್ತಿದ್ದುದು ಇಲ್ಲಿ ನೆನಪಾಗುತ್ತದೆ.

ಇಂತಹ ಮನುಷ್ಯ ತನ್ನ ಉಪಕರಣಗಳ ವಿಷಯದಲ್ಲಿ ಎಷ್ಟು ನಿಷ್ಠುರನಾಗಿದ್ದನೆಂಬುದು ಗಮನಿಸತಕ್ಕದ್ದು. ಎರಡು ಊರುಗಳ ನಡುವಣ ಅತಿ ಹತ್ತಿರದ ದಾರಿಯನ್ನು ಕಂಡುಹಿಡಿಯುವ ಅವನ ಪ್ರಸಿದ್ಧ ವಿಧಾನ ಹೊಳೆದದ್ದು 1956ರಲ್ಲಿ, ಭಾವೀ ಪತ್ನಿಯೊಡನೆ ಕಾಫಿ ಕುಡಿಯುತ್ತ ಕುಳಿತಿದ್ದಾಗ. ಇಪ್ಪತ್ತೇ ನಿಮಿಷಗಳಲ್ಲಿ, ಕಾಗದ ಪೆನ್ಸಿಲುಗಳ ನೆರವಿಲ್ಲದೆ. ಎಪ್ಪತ್ತರ ದಶಕದಿಂದ ಮುಂದೆ ಆತ ಹೆಚ್ಚಾಗಿ ಬರೆದದ್ದು ಶಾಯಿಪೆನ್ನಿನಲ್ಲಿ. ಬರೆದುದನ್ನು ನಕಲು ಮಾಡಿಸಿ ಗೆಳೆಯರಿಗೆ ಕಳುಹಿಸುತ್ತಿದ್ದ. ಪಡೆದವರು ಮತ್ತೆ ನಕಲು ಮಾಡಿ ಹಂಚುತ್ತಿದ್ದರು. ಹೀಗೆ ಹರಡಿದ ಬರಹಗಳು 1300ಕ್ಕೂ ಹೆಚ್ಚು. ಬಳಸುವ ಉಪಕರಣ ನಮ್ಮ ಕೈಯನ್ನಷ್ಟೇ ಅಲ್ಲ, ಯೋಚಿಸುವ ಅಭ್ಯಾಸವನ್ನೂ ತಿದ್ದುತ್ತದೆ, ಇಲ್ಲವೆ ಕೆಡಿಸುತ್ತದೆ ಎಂಬುದು ಅವನ ನಂಬಿಕೆಯಾಗಿತ್ತು.

1968ರಲ್ಲಿ ಅವನ ಪತ್ರವೊಂದು ದೊಡ್ಡ ವಿವಾದವೆಬ್ಬಿಸಿತು. ಅಂದಿನ ಪ್ರೋಗ್ರಾಮುಗಳಲ್ಲಿ, ಓದುವ ಸಾಲನ್ನು ಬಿಟ್ಟು ಇನ್ನೆಲ್ಲಿಗೋ ಹಾರೆಂದು ಯಂತ್ರಕ್ಕೆ ಹೇಳುವ ಆಜ್ಞೆಯೊಂದು ಧಾರಾಳವಾಗಿ ಬಳಕೆಯಲ್ಲಿತ್ತು. ಅದು ಹಾನಿಕರವೆಂದು ಡೈಕ್‌ಸ್ಟ್ರಾ ವಾದಿಸಿದ. ಕಾವ್ಯದ ಪ್ರತಿಯೊಂದು ಪದ್ಯದ ಕೆಳಗೂ “ಇನ್ನು ಬೇರೊಂದು ಆಶ್ವಾಸಕ್ಕೆ ಹೋಗು” ಎಂದು ಬರೆದಿದ್ದರೆ ಓದುಗ ಅನ್ವಯ ಮಾಡುವುದೆಂತು? ಯಂತ್ರ ಹಾರಿಯೇ ತೀರುತ್ತದೆ. ಹಾದಿ ತಪ್ಪುವವನು ಓದುವ ಮನುಷ್ಯ. ಪ್ರೋಗ್ರಾಮು ಮನುಷ್ಯನಿಗೆ ಅರ್ಥವಾಗಬೇಕು ಎಂಬುದೇ ಅಲ್ಲಿದ್ದ ತತ್ತ್ವ. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲಿ ಆತ ಬೋಧಿಸಿದ್ದು ವಿನಯವನ್ನು: ನಮ್ಮ ತಲೆ ಚಿಕ್ಕದು, ಅದನ್ನರಿತು ಕೆಲಸ ಮಾಡೋಣ ಎಂದು. 1977ರಲ್ಲಿ ಸಂಶೋಧಕರಿಗೆ ಕೊಟ್ಟ ಸಲಹೆಯಲ್ಲಿ, ನಿಮ್ಮಷ್ಟೇ ಸಮರ್ಥರಾದ ಇತರರು ಖಂಡಿತ ಮಾಡಬಲ್ಲ ಕೆಲಸಕ್ಕೆ ಕೈಹಾಕಬೇಡಿ. ನಿಮ್ಮ ಶಕ್ತಿಯ ಎಲ್ಲೆಯಲ್ಲಿ ನಿಂತು ದುಡಿಯಿರಿ ಎಂದ.

ಆದರೆ ವಿನಯ ಬೋಧಿಸಿದವನ ನಾಲಿಗೆ ಎಲ್ಲ ಕಾಲಕ್ಕೂ ವಿನೀತವಾಗಿರಲಿಲ್ಲ. ಬೇಸಿಕ್ ಭಾಷೆ ಕಲಿತವರ ಬುದ್ಧಿ ಮತ್ತೆ ಚಿಗುರದಂತೆ ಊನಗೊಳ್ಳುತ್ತದೆಂದು 1975ರಲ್ಲಿ ಬರೆದ. ಇದನ್ನು ನಾನು ಒಪ್ಪಲಾರೆ. ಆ ಭಾಷೆಯಲ್ಲಿ ಅಕ್ಷರಾಭ್ಯಾಸ ಮಾಡಿ ಮುಂದೆ ನಿಪುಣರಾದವರು ಎಷ್ಟೋ ಮಂದಿ. ಕೆಟ್ಟ ಬಳಪದಲ್ಲಿ ತಿದ್ದಿದ ಮಗುವೂ ಒಳ್ಳೆಯ ಬರಹಗಾರನಾಗಬಲ್ಲದೆಂದು ಮೇಷ್ಟರಾದವರಿಗೆ ಗೊತ್ತು.

ಅದೇ ಬರಹದಲ್ಲಿ ಇನ್ನೊಂದು ಮಾತಿದೆ. ಒಳ್ಳೆಯ ಪ್ರೋಗ್ರಾಮರನಿಗೆ ಗಣಿತದ ಒಲವಿನ ಜೊತೆಗೆ ಅತ್ಯಗತ್ಯವಾಗಿ ಬೇಕಾದದ್ದು ಸ್ವಂತ ಮಾತೃಭಾಷೆಯ ಮೇಲಣ ಅಸಾಧಾರಣ ಪ್ರಭುತ್ವ ಎಂದು. ನನ್ನ ವಿದ್ಯಾರ್ಥಿ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದ.

ಈಗ ನನ್ನ ತಪ್ಪನ್ನು ಹೇಳಬೇಕು. 1998ರಲ್ಲಿ ಈ ಹುಡುಗ ನನ್ನ ತರಗತಿಯಲ್ಲಿದ್ದ. ಕಾಲೇಜಿನ ಸಂಚಿಕೆಗೆ ಸೊಗಸಾದ ಗದ್ಯ ಬರೆಯುತ್ತಿದ್ದ. ಗಣಕವಿದ್ಯೆಗೆ ಹೋಗುವವನಿದ್ದು, ಜೊತೆಗೆ ಕನ್ನಡದ ಓದನ್ನೂ ಇಟ್ಟುಕೊಳ್ಳಲೆ ಎಂದು ಕೇಳಲು ಬಂದ. “ಆ ಕಸುಬಿಗೆ ಭಾಷೆ ಯಾಕಪ್ಪ, ಲೆಕ್ಕ ಸಾಕು. ಎರಡು ದೋಣಿ ಬೇಡ” ಎಂದೆ. ಹಿತಕ್ಕಾಗಿಯೇ ಹೇಳಿದೆ. ಅವನು ಬರೆಯುವುದನ್ನು ನಿಲ್ಲಿಸಿದ. ಆಮ್‌ಸ್ಟರ್‌ಡ್ಯಾಮಿನ ಆ ಹಿರಿಯನೂ ಒಂದು ದೋಣಿಯನ್ನೇ ಆರಿಸಿಕೊಟ್ಟ. ಆದರೆ ಹುಡುಗನ ಒಲವು ಎಲ್ಲಿದೆಯೆಂದು ಗಂಟೆಗಟ್ಟಲೆ ಕೇಳಿಸಿಕೊಂಡು ಆರಿಸಿದ. ನಾನು ಐದು ನಿಮಿಷವೂ ಕೇಳಿರಲಿಲ್ಲ.

ಡೈಕ್‌ಸ್ಟ್ರಾ 2002ರಲ್ಲಿ ತೀರಿಕೊಂಡ. ಅವನ ಹಸ್ತಪ್ರತಿಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ಹೊರಡುವಾಗ ವಿದ್ಯಾರ್ಥಿಯನ್ನು ಕೇಳಿದೆ: “ಈಗ ಏನಾದರೂ ಬರೆಯುತ್ತೀಯಾ?” ಅವನು ನಕ್ಕ. “ಕಥೆ ಇಲ್ಲ ಸಾರ್. ಆದರೆ ಕೈಕೆಳಗಿನ ಹುಡುಗರಿಗೆ, ಯಂತ್ರ ಮುಟ್ಟುವ ಮೊದಲು ಏನು ಮಾಡಹೊರಟಿದ್ದೀರೆಂದು ನಿಮ್ಮ ನಿಮ್ಮ ಭಾಷೆಯಲ್ಲಿ ಒಂದು ಪುಟ ಬರೆಯಿರಿ ಅನ್ನುತ್ತೇನೆ. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.”

ಆ ಪುಟಗಳಲ್ಲೊಂದನ್ನು ಮುಂದಿನ ಸಲ ತರಲು ಹೇಳಿದ್ದೇನೆ.