ತೀರ್ಮಾನ ಪುಸ್ತಕದಲ್ಲಿ ನಮ್ಮ ಹೆಸರು



ಗ್ರಾಮಸಭೆ ಅಂದರೆ ನಮ್ಮ ಬೀದಿಯಲ್ಲಿ ಬಹಳ ಜನ, "ಅಲ್ಲಿಗೋಗಿ ಏನಾಗ್ಬೇಕು, ಅವರೇ ಬರ್ಕೋತಾರೆ, ಅವರೇ ಮುಗಿಸ್ತಾರೆ" ಅಂತಾರೆ. ಬಿ.ಎ. ಇತಿಹಾಸ ಓದುತ್ತಿರುವ ನನಗೆ ಇದಕ್ಕೊಂದು ಉತ್ತರ ಕೊಡಬೇಕು ಅನ್ನಿಸಿತು. ಸಭೆಯಲ್ಲಿ ಬರೆದ ಒಂದು ಸಾಲಿಗಾಗಿ ನಮ್ಮ ಹಿರಿಯರು ನೂರು ವರ್ಷದಿಂದ ಹೋರಾಡಿದ್ದಾರೆ.

ಮೊದಲು ಹೆಸರಿನ ವಿಷಯ. ಬ್ರಿಟಿಷರ ಕಾಲದಲ್ಲಿ ನಮ್ಮ ತಾಳವಾಡಿ ಬೆಟ್ಟದ ಸೀಮೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಸರ್ಕಾರದ ಕಾಗದದಲ್ಲಿ ಆಗ ನಮ್ಮ ಜನರನ್ನು 'ಪಂಚಮ' ಮುಂತಾದ ಅವಮಾನದ ಹೆಸರುಗಳಲ್ಲೇ ಬರೆಯುತ್ತಿದ್ದರು. 1922ರ ಜನವರಿಯಲ್ಲಿ ಎಂ.ಸಿ. ರಾಜಾ ಅವರು ಮದ್ರಾಸ್ ಶಾಸನ ಪರಿಷತ್ತಿನಲ್ಲಿ, ಈ ಹೆಸರು ತೆಗೆದು ಆದಿ ದ್ರಾವಿಡ, ಆದಿ ಆಂಧ್ರ ಎಂದು ಬರೆಯಬೇಕು ಅಂತ ನಿರ್ಣಯ ತಂದರು. ಸರ್ಕಾರ ಅದನ್ನು ಒಪ್ಪಿತು. ಪಕ್ಕದ ಮೈಸೂರಿನಲ್ಲಿ ಆದಿ ಕರ್ನಾಟಕ ಅನ್ನೋ ಹೆಸರು ಬಂತು. 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ನಾವು ಈ ಕಡೆಯೇ ಉಳಿದೆವು. ಆದರೆ ತಮಿಳುನಾಡಿನ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಆದಿ ಕರ್ನಾಟಕ ಅನ್ನೋ ಹೆಸರು ಇವತ್ತಿಗೂ ಇದೆ.

ಎರಡನೆಯದು ದಾರಿ ಮತ್ತು ನೀರು. 1924ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರು ಅದೇ ಪರಿಷತ್ತಿನಲ್ಲಿ ಇನ್ನೊಂದು ನಿರ್ಣಯ ತಂದರು. ಸಾರ್ವಜನಿಕ ರಸ್ತೆ, ಬಾವಿ, ಕೆರೆ, ಸರ್ಕಾರಿ ಕಚೇರಿಗೆ ಯಾರು ಬೇಕಾದರೂ ಹೋಗಬಹುದು ಅಂತ ಅದೇ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರಿ ಆದೇಶ ಆಯಿತು. ಮಹಾರಾಷ್ಟ್ರದ ಮಹಾಡ್ ಪುರಸಭೆ ಕೂಡ ಅದೇ 1924ರಲ್ಲಿ ಚವದಾರ್ ಕೆರೆ ಎಲ್ಲರಿಗೂ ಅಂತ ತೀರ್ಮಾನ ಮಾಡಿತ್ತು. ಆದರೆ ಕೆರೆಗೆ ಇಳಿಯೋಕೆ ಯಾರನ್ನೂ ಬಿಡಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಕೆಲವೇ ತಿಂಗಳಲ್ಲಿ ಪುರಸಭೆ ತನ್ನ ತೀರ್ಮಾನವನ್ನೇ ವಾಪಸ್ ತಗೊಂಡಿತು! ಕೋರ್ಟಿನಲ್ಲಿ ಕೇಸು ಗೆಲ್ಲೋಕೆ 1937ರವರೆಗೆ ಕಾಯಬೇಕಾಯಿತು. ಬರೆದದ್ದನ್ನು ಅಳಿಸಲೂಬಹುದು, ಹಾಗಾಗಿ ಬರೆಸಿದ ಮೇಲೂ ಕಾವಲು ಇರಬೇಕು ಅನ್ನೋ ಪಾಠ ಇದರಲ್ಲಿದೆ.

ಮೂರನೆಯದು ಕುರ್ಚಿ. 1994ರ ತಮಿಳುನಾಡು ಪಂಚಾಯತ್ ಕಾಯ್ದೆಯಿಂದ ನಮಗೆ ಅಧ್ಯಕ್ಷ ಸ್ಥಾನದಲ್ಲಿ ಮೀಸಲಾತಿ ಬಂತು. ಅದನ್ನು ಸಹಿಸದೆ 1997ರಲ್ಲಿ ಮಧುರೈ ಜಿಲ್ಲೆಯ ಮೇಲವಳವಿನಲ್ಲಿ ಅಧ್ಯಕ್ಷ ಮುರುಗೇಶನ್ ಅವರನ್ನೂ ಜೊತೆಗಿದ್ದವರನ್ನೂ ಕೊಂದರು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂಗಳಲ್ಲಿ ಹತ್ತು ವರ್ಷ ಸರಿಯಾದ ಚುನಾವಣೆಯೇ ನಡೆಯಲಿಲ್ಲ. ಯಾರೂ ನಾಮಪತ್ರ ಹಾಕದಂತೆ ಮಾಡುತ್ತಿದ್ದರು, ಇಲ್ಲವೇ ಗೆದ್ದವರಿಂದ ಕೂಡಲೇ ರಾಜೀನಾಮೆ ಕೊಡಿಸುತ್ತಿದ್ದರು. ಕೊನೆಗೆ 2006ರಲ್ಲಿ ಚುನಾವಣೆ ನಡೆದು ದಲಿತ ಅಧ್ಯಕ್ಷರು ಅಧಿಕಾರ ಹಿಡಿದರು. ಅವರಿಗೆ ಚೆನ್ನೈನಲ್ಲಿ 'ಸಮತ್ತುವ ಪೆರುವಿಳಾ' ಅಂದರೆ ಸಮಾನತೆಯ ಹಬ್ಬ ಮಾಡಿ, ಮುಖ್ಯಮಂತ್ರಿ ಕರುಣಾನಿಧಿ ಅವರ ಎದುರಲ್ಲೇ ಸನ್ಮಾನ ಮಾಡಿದರು.

ಆ ಸನ್ಮಾನ ದೊಡ್ಡದೇ. ಆದರೆ ಚೆನ್ನೈ ವೇದಿಕೆಯ ಮೇಲೆ ಹಾಕಿದ ಕುರ್ಚಿ ಊರಿನ ಪಂಚಾಯಿತಿ ಕಚೇರಿಯಲ್ಲೂ ಇರಬೇಕಲ್ಲವೇ? 2020ರಲ್ಲಿ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈ ಪಂಚಾಯಿತಿಯ ಒಂದು ಫೋಟೋ ಎಲ್ಲ ಕಡೆ ಹರಡಿತು. ಅದರಲ್ಲಿ ಬೇರೆಯವರು ಕುರ್ಚಿಯಲ್ಲಿ, ದಲಿತ ಮಹಿಳಾ ಅಧ್ಯಕ್ಷೆ ನೆಲದ ಮೇಲೆ.

ಈಗ ನಮ್ಮ ಬೀದಿಗೆ ಬರೋಣ. 2025ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು, 'ಕಾಲೋನಿ' ಅನ್ನೋ ಪದವನ್ನು ಸರ್ಕಾರಿ ದಾಖಲೆಗಳಿಂದ ತೆಗೆಯುತ್ತೇವೆ ಅಂತ ವಿಧಾನಸಭೆಯಲ್ಲಿ ಘೋಷಿಸಿದರು. ಅದು ತೀಂಡಾಮೆಯ, ಅಂದರೆ ಮುಟ್ಟಬಾರದು ಅನ್ನೋದರ ಗುರುತಾಗಿಬಿಟ್ಟಿದೆ ಅನ್ನೋದು ಕಾರಣ. 1922ರಲ್ಲಿ ರಾಜಾ ಅವರು ಎತ್ತಿದ ಮಾತೇ ನೂರು ವರ್ಷದ ಮೇಲೆ ಬೀದಿಯ ಬೋರ್ಡಿಗೆ ಬಂದಿದೆ. ಆದರೆ 'ಕಾಲೋನಿ' ಹೋದ ಜಾಗದಲ್ಲಿ ಯಾವ ಹೆಸರು ಬರಬೇಕು? ನಾವು ಹೋಗಿ ಹೇಳದಿದ್ದರೆ ಬೇರೆ ಯಾರೋ ಹೆಸರಿಡುತ್ತಾರೆ.

ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಗ್ರಾಮಸಭೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಯಾರೂ ಕರೆಯಲಿ ಅಂತ ಕಾಯಬೇಕಾಗಿಲ್ಲ. ನಮಗೆ ಇರುವ ಇನ್ನೊಂದು ತೊಡಕು ಭಾಷೆ. ಮನೆಯಲ್ಲಿ ಮಾತು ಕನ್ನಡ, ಪಂಚಾಯಿತಿ ಬರವಣಿಗೆ ತಮಿಳು. ಏನು ಬರೆದಿದೆ ಅಂತ ತಿಳಿಯದೆ ಹೆಬ್ಬೆಟ್ಟು ಒತ್ತಿ ಬರುವ ಅಜ್ಜಿ-ತಾತಂದಿರು ಈಗಲೂ ಇದ್ದಾರೆ.

ಅದಕ್ಕೆ ಸಂಘದ ಯುವಕ-ಯುವತಿಯರಲ್ಲಿ ನನ್ನ ವಿನಂತಿ ಇಷ್ಟೇ. ಸಭೆಗೆ ಒಂದು ವಾರ ಮೊದಲು ಬೀದಿಯಲ್ಲಿ ಕೂತು, ನೀರು, ದೀಪ, ಸ್ಮಶಾನದ ದಾರಿ, ಬೀದಿಯ ಹೆಸರು, ಏನು ಕೇಳಬೇಕು ಅಂತ ಮಾತಾಡಿ ಅರ್ಜಿ ಬರೆಯೋಣ. ತಮಿಳು ಓದಬಲ್ಲವರು ಹಿರಿಯರ ಪಕ್ಕ ಕೂತು, ತೀರ್ಮಾನವನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದ ಮೇಲೇ ಸಹಿ ಹಾಕಿಸೋಣ. ಹೆಣ್ಣುಮಕ್ಕಳು ಹಿಂದೆ ನಿಲ್ಲೋದು ಬೇಡ, ಮುಂದಿನ ಸಾಲಿನಲ್ಲೇ ಕೂರಲಿ. ಸಭೆ ಮುಗಿದ ಮೇಲೆ ತೀರ್ಮಾನದ ನಕಲು ಕೇಳಿ ತಂದು ಸಂಘದ ಫೈಲಿನಲ್ಲಿ ಇಡೋಣ. ಮುಂದಿನ ಸಭೆಗೆ ಅದನ್ನೇ ಹಿಡಿದುಕೊಂಡು ಹೋಗಿ, ಹೋದ ಸಾರಿ ಬರೆದದ್ದು ಎಲ್ಲಿಗೆ ಬಂತು ಅಂತ ಕೇಳೋಣ.

ಜೈ ಭೀಮ್.