ವಾಡಿಕೆಯಿಂದ ಎಷ್ಟು ದೂರ?

ಇಂದಿನ ವಿಷಯವನ್ನು ಕೇಳಿದೊಡನೆ ಕೆಲವರು ಹುಬ್ಬೇರಿಸಬಹುದು. ವಿಚಲನೆ, ಮಾನಕ ವಿಚಲನೆ ಎಂಬ ಮಾತುಗಳು ಸಂಖ್ಯಾಶಾಸ್ತ್ರದವರ ಸೊತ್ತು. ಬಾಳೆಲ್ಲ ಕನ್ನಡ ಸಾಹಿತ್ಯವನ್ನು ಪಾಠ ಹೇಳಿದ ನನಗೆ ಅಲ್ಲೇನು ಕೆಲಸ? ಕೆಲಸವುಂಟು. ಆ ಮಾತುಗಳ ಹಿಂದೆ ಒಂದು ಶಬ್ದದ ಚರಿತ್ರೆಯಿದೆ. ಆ ಚರಿತ್ರೆಯು ಯುರೋಪಿನ ಖಗೋಲವೀಕ್ಷಣಾಲಯಗಳಲ್ಲಿ ಮೊದಲಾಗಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರೋಗಿಯ ಕೈಯಲ್ಲಿರುವ ರಕ್ತಪರೀಕ್ಷೆಯ ಚೀಟಿಯವರೆಗೂ ಬಂದು ಮುಟ್ಟಿದೆ. ಆ ಚೀಟಿಯಲ್ಲಿ ಎರಡು ಅಂಕಣಗಳಿರುತ್ತವೆ. ಒಂದರಲ್ಲಿ ನಮ್ಮ ಸಂಖ್ಯೆ. ಇನ್ನೊಂದರಲ್ಲಿ ಇರಬೇಕಾದ ಸಂಖ್ಯೆ. ಎರಡೂ ಹೊಂದದಿದ್ದರೆ ನಾವು ವಿಚಲಿತರಾಗುತ್ತೇವೆ. ಆದರೆ ‘ಇರಬೇಕಾದದ್ದು’ ಇಷ್ಟೇ ಎಂದು ನಿಶ್ಚಯಿಸಿದವರು ಯಾರು? ಯಾರನ್ನು ನೋಡಿ ನಿಶ್ಚಯಿಸಿದರು?

ಮೊದಲು ವಿಚಲನೆಗೆ ಆ ಹೆಸರಿರಲಿಲ್ಲ. ‘ದೋಷ’ ಎಂಬ ಹೆಸರಿತ್ತು. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಸಲ ಅಳೆದರೆ ಹತ್ತು ಬಗೆಯ ಉತ್ತರ ಬರುತ್ತದೆ. ನಕ್ಷತ್ರದ ಸ್ಥಾನ ಒಂದೇ. ಆದುದರಿಂದ ವ್ಯತ್ಯಾಸವೆಲ್ಲ ಅಳೆಯುವವನ ಕಣ್ಣಿನ, ಉಪಕರಣದ ದೋಷ. ಸಣ್ಣ ದೋಷಗಳು ಹೆಚ್ಚು, ದೊಡ್ಡವು ವಿರಳ. ಅವನ್ನು ಚಿತ್ರಿಸಿದರೆ ಘಂಟೆಯ ಆಕಾರದ ಒಂದು ರೇಖೆ ಮೂಡುತ್ತದೆ. ಜರ್ಮನಿಯ ಗಣಿತಜ್ಞ ಗೌಸ್ 1809ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ರೇಖೆಯನ್ನು ಬಳಸಿಕೊಂಡನು. ಅಲ್ಲಿಯವರೆಗೆ ‘ದೋಷ’ವೆಂಬ ಹೆಸರು ಸರಿಯಾಗಿಯೇ ಇತ್ತು.

ಬೆಲ್ಜಿಯಮ್ಮಿನ ಖಗೋಲಶಾಸ್ತ್ರಜ್ಞ ಕೆಟ್ಲೆ ಇದನ್ನು ಆಕಾಶದಿಂದ ಇಳಿಸಿ ಮನುಷ್ಯರಿಗೆ ಅನ್ವಯಿಸಿದನು. 1835ರ ತನ್ನ ಗ್ರಂಥದಲ್ಲಿ ಆತ ‘ಸರಾಸರಿ ಮನುಷ್ಯ’ನೆಂಬ ಕಲ್ಪನೆಯನ್ನು ಮುಂದಿಟ್ಟನು. ಮುಂದೆ ಸ್ಕಾಟ್ಲೆಂಡಿನ 5,738 ಸೈನಿಕರ ಎದೆಯ ಸುತ್ತಳತೆಗಳನ್ನು ಪರಿಶೀಲಿಸಿದಾಗ ಅದೇ ಘಂಟೆಯ ರೇಖೆ ಕಾಣಿಸಿತು. ಪ್ರಕೃತಿಯು ಒಬ್ಬ ಆದರ್ಶ ಮನುಷ್ಯನನ್ನು ಗುರಿಯಿಟ್ಟುಕೊಂಡಿರುತ್ತದೆ, ನಾವೆಲ್ಲ ಆ ಗುರಿ ತಪ್ಪಿದ ಬಾಣಗಳು ಎಂಬುದು ಅವನ ತಾತ್ಪರ್ಯ. ಇಲ್ಲಿ ಒಂದು ದೊಡ್ಡ ಜಾರುವಿಕೆ ನಡೆಯಿತು. ನಕ್ಷತ್ರದ ಹತ್ತು ಅಳತೆಗಳ ಹಿಂದೆ ನಿಜವಾದ ಒಂದು ಸ್ಥಾನವಿದೆ. ಹತ್ತು ಮನುಷ್ಯರ ಹಿಂದೆ ನಿಜವಾದ ಒಬ್ಬ ಮನುಷ್ಯನಿಲ್ಲ. ಆದರೂ ಎತ್ತರದವನ ಎತ್ತರವೂ ಕುಳ್ಳನ ಕುಳ್ಳುತನವೂ ‘ದೋಷ’ವಾಗಿಬಿಟ್ಟವು.

ಈ ಶಬ್ದ ಸಲ್ಲದೆಂದು ಇಂಗ್ಲೆಂಡಿನ ಗಾಲ್ಟನ್ 1889ರಲ್ಲಿ ಆಕ್ಷೇಪಿಸಿದನು. ಮನುಷ್ಯರ ಎತ್ತರದ ಮಾತು ಬಂದಾಗ ದೋಷವೆನ್ನುವುದು ಅಸಂಗತವೆಂದು ಅವನ ವಾದ. ಅವನ ಅನುಯಾಯಿ ಕಾರ್ಲ್ ಪಿಯರ್ಸನ್ 1893ರ ಒಂದು ಉಪನ್ಯಾಸದಲ್ಲಿ ‘ಸ್ಟ್ಯಾಂಡರ್ಡ್ ಡೀವಿಯೇಷನ್’ ಎಂಬ ಹೊಸ ಮಾತನ್ನು ಪ್ರಯೋಗಿಸಿದನು. ಮರುವರ್ಷ ಅದು ಅಚ್ಚಿನಲ್ಲಿ ಬಂತು. ಕನ್ನಡದಲ್ಲಿ ನಾವು ಅದನ್ನು ಮಾನಕ ವಿಚಲನೆ ಎನ್ನುತ್ತೇವೆ. ದೋಷವೆಂಬುದು ತೀರ್ಪು; ವಿಚಲನೆ ಎಂಬುದು ಬರಿಯ ದೂರ. ಇದು ಶಬ್ದದಲ್ಲಾದ ಸಣ್ಣ ಬದಲಾವಣೆಯಂತೆ ತೋರಿದರೂ ವಿಚಾರದಲ್ಲಿ ದೊಡ್ಡದು.

ಅದರ ಲೆಕ್ಕ ಕಠಿಣವಲ್ಲ. ಒಂದು ತೋಟದ ಐದು ಅಡಿಕೆಮರಗಳಲ್ಲಿ ಕ್ರಮವಾಗಿ 190, 195, 200, 205, 210 ಅಡಿಕೆಗಳಿವೆಯೆನ್ನೋಣ. ಪಕ್ಕದ ತೋಟದ ಐದು ಮರಗಳಲ್ಲಿ 100, 150, 200, 250, 300. ಎರಡು ಕಡೆಯೂ ಸರಾಸರಿ 200. ಆದರೆ ತೋಟಿಗನಿಗೆ ಎರಡೂ ಒಂದೇ ತೋಟವಲ್ಲ. ಪ್ರತಿಯೊಂದು ಮರವೂ ಸರಾಸರಿಯಿಂದ ಎಷ್ಟು ದೂರವೆಂದು ನೋಡಿ, ಆ ದೂರಗಳನ್ನು ವರ್ಗಮಾಡಿ, ವರ್ಗಗಳ ಸರಾಸರಿಯ ವರ್ಗಮೂಲವನ್ನು ತೆಗೆದರೆ ಮಾನಕ ವಿಚಲನೆ ದೊರೆಯುತ್ತದೆ. ಮೊದಲ ತೋಟದಲ್ಲಿ ಅದು ಸುಮಾರು 7. ಎರಡನೆಯದರಲ್ಲಿ ಸುಮಾರು 71. ಸರಾಸರಿ ಮುಚ್ಚಿಟ್ಟದ್ದನ್ನು ವಿಚಲನೆ ಹೊರಗೆಡಹುತ್ತದೆ.

ವೈದ್ಯರು ಈ ಅಳತೆಗೋಲನ್ನು ಕೈಗೆತ್ತಿಕೊಂಡರು. ಅಳತೆಗಳು ಘಂಟೆಯ ರೇಖೆಯಂತೆ ಹರಡಿಕೊಂಡಿದ್ದರೆ, ಸರಾಸರಿಯ ಎರಡೂ ಬದಿಗೆ ಎರಡೆರಡು ಮಾನಕ ವಿಚಲನೆಗಳಷ್ಟು ದೂರದೊಳಗೆ 100ರಲ್ಲಿ ಸುಮಾರು 95 ಜನ ಇರುತ್ತಾರೆ. ಪ್ರಯೋಗಾಲಯದ ಚೀಟಿಯ ಎರಡನೆಯ ಅಂಕಣ ಬಹುಮಟ್ಟಿಗೆ ಹುಟ್ಟಿದ್ದು ಹೀಗೆ: ಆರೋಗ್ಯವಂತರನ್ನು ಅಳೆದು, ನಡುವಿನ 95 ಜನರನ್ನು ಒಳಗಿರಿಸಿ, ಉಳಿದವರನ್ನು ಗೆರೆಯ ಹೊರಗಿಟ್ಟು. ಆ ಹೊರಗಿನ ಐವರೂ ಆರೋಗ್ಯವಂತರೇ ಎಂಬುದನ್ನು ಮರೆಯಬಾರದು. ಒಂದನ್ನೊಂದು ಅವಲಂಬಿಸದ 20 ಪರೀಕ್ಷೆಗಳನ್ನು ಮಾಡಿಸಿದ ಪೂರ್ಣ ಆರೋಗ್ಯವಂತನಿಗೂ, ಯಾವುದಾದರೊಂದರಲ್ಲಿ ಗೆರೆ ದಾಟುವ ಸಂಭವ ಶೇಕಡಾ 64ರಷ್ಟು ಉಂಟು. 1969ರಲ್ಲಿ ಫಿನ್ಲೆಂಡಿನ ಗ್ರಾಸ್‌ಬೆಕ್ ಮತ್ತು ಸಾರಿಸ್ ಎಂಬ ವಿಜ್ಞಾನಿಗಳು ‘ಸಹಜ ಸಂಖ್ಯೆ’ ಎಂಬ ಮಾತನ್ನೇ ಬಿಟ್ಟು ‘ಉಲ್ಲೇಖ ಸಂಖ್ಯೆ’ ಎನ್ನೋಣವೆಂದು ಸೂಚಿಸಿದರು. ಅದೂ ಮತ್ತೆ ಶಬ್ದದ ತಿದ್ದುಪಡಿಯೇ.

ಇನ್ನು ನಮ್ಮ ಘಟ್ಟದ ಮೇಲಿನ ಸೀಮೆಗೆ ಬರೋಣ. ಈ ಮೂರು ತಾಲೂಕುಗಳ ಆರೋಗ್ಯದ ಚರಿತ್ರೆಯಲ್ಲಿ ವಾಡಿಕೆ ಮತ್ತು ವಿಚಲನೆಗಳ ಸಂಬಂಧವನ್ನು ತಿಳಿಸುವ ಮೂರು ಪಾಠಗಳಿವೆ.

ಮೊದಲನೆಯದು ಮಲೇರಿಯದ ಪಾಠ. ಹಿಂದೆ ಉತ್ತರ ಕನ್ನಡದ ಮಲೆಸೀಮೆ ಜ್ವರಕ್ಕೆ ಕುಪ್ರಸಿದ್ಧವಾಗಿತ್ತು. ಕಾಡಿನ ತೊರೆಗಳಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಅದರ ವಾಹಕ. ಮಲೇರಿಯ ಪದೇ ಪದೇ ಬಂದರೆ ಗುಲ್ಮ ದಪ್ಪವಾಗುತ್ತದೆ. ಎರಡರಿಂದ ಒಂಬತ್ತು ವರ್ಷದ ಮಕ್ಕಳ ಹೊಟ್ಟೆ ಮುಟ್ಟಿ ನೋಡಿ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಗುಲ್ಮ ದೊಡ್ಡದಾಗಿದ್ದರೆ ಆ ಊರಿನಲ್ಲಿ ರೋಗ ತೀವ್ರವಾಗಿ ನೆಲೆಯೂರಿದೆಯೆಂದು ವೈದ್ಯರು ಎಣಿಸುತ್ತಿದ್ದರು. ಅಂಥ ಊರಿನ ಮಕ್ಕಳನ್ನಷ್ಟೇ ಅಳೆದು ಸರಾಸರಿ ತೆಗೆದಿದ್ದರೆ ಏನಾಗುತ್ತಿತ್ತು? ದಪ್ಪ ಗುಲ್ಮವೇ ವಾಡಿಕೆಯಾಗಿ, ಆರೋಗ್ಯವಂತ ಮಗುವೇ ವಿಚಲಿತವೆನಿಸುತ್ತಿತ್ತು! 1946ರ ಸುಮಾರಿಗೆ, ಜಿಲ್ಲೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕಾರ್ಯ ನಡೆಯಿತು, ಜ್ವರ ಇಳಿಯಿತು. ವಾಡಿಕೆಯೆಂದು ಜನ ಒಪ್ಪಿಕೊಂಡಿದ್ದದ್ದು ವಿಧಿಯಲ್ಲ, ವ್ಯಾಧಿ ಎಂಬುದು ಆಗ ಸ್ಪಷ್ಟವಾಯಿತು. ಸರಾಸರಿಯೇ ಆರೋಗ್ಯವಲ್ಲ.

ಎರಡನೆಯದು ಮಂಗನ ಕಾಯಿಲೆಯ ಪಾಠ. ಕಾಡಿನಲ್ಲಿ ಒಂದು ಮಂಗ ಸತ್ತರೆ ಅದು ವಾರ್ತೆಯಲ್ಲ. ಬೇಸಗೆಯಲ್ಲಿ ಒಬ್ಬ ಕೂಲಿಯಾಳಿಗೆ ಜ್ವರ ಬಂದರೆ ಅದೂ ವಾರ್ತೆಯಲ್ಲ. ಆದರೆ 1957ರಲ್ಲಿ ಸಿದ್ದಾಪುರಕ್ಕೆ ತಾಗಿಕೊಂಡಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಣ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗಗಳ ಸಾವನ್ನು ಕಂಡು ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂಬ ಶಂಕೆಯೂ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಪರೀಕ್ಷಿಸಲಾಗಿ, ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ ಪತ್ತೆಯಾಯಿತು. ಆ ಕಾಡಿನ ಹೆಸರೇ ರೋಗದ ಹೆಸರಾಯಿತು. 2024ರಲ್ಲಿಯೂ ಸಿದ್ದಾಪುರ ತಾಲೂಕು ಈ ಕಾಯಿಲೆಯಿಂದ ಬಹಳ ಬಳಲಿತು. ಒಬ್ಬನ ವಿಚಲನೆ ಆಕಸ್ಮಿಕವಾಗಿರಬಹುದು, ಗುಂಪಿನದು ಹಾಗಲ್ಲ. ಇದಕ್ಕೆ ಗಣಿತದ ಆಧಾರವಿದೆ: ಬೇರೆ ಬೇರೆಯಾಗಿ ಆಯ್ದ 25 ಜನರ ಸರಾಸರಿಯು ಅಲುಗಾಡುವುದು ಒಬ್ಬೊಬ್ಬರ ಅಳತೆ ಅಲುಗಾಡುವುದರ ಐದರಲ್ಲೊಂದು ಪಾಲು ಮಾತ್ರ. ಆದುದರಿಂದ ಗುಂಪು ಅಲುಗಾಡಿದರೆ ಕಾರಣವನ್ನು ಹುಡುಕಲೇಬೇಕು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿರೆಂದು ಹೇಳುವುದು ಇದಕ್ಕಾಗಿಯೇ. ಒಂದೊಂದು ಸುದ್ದಿಯೂ ಸೇರಿ ಎಣಿಕೆಯಾಗುತ್ತದೆ.

ಮೂರನೆಯ ಪಾಠ ಯಲ್ಲಾಪುರದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿಗಳ ಕಾಡಿನಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ವಂಶಜರು. ಅವರಲ್ಲಿ ಬಹುಪಾಲು ಆಫ್ರಿಕದ ವಂಶಾಂಶವೂ ಜತೆಗೆ ಭಾರತೀಯ ಅಂಶವೂ ಬೆರೆತಿರುವುದನ್ನು 2011ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನಗಳು ತೋರಿಸಿದವು. ಆಫ್ರಿಕ ಮೂಲದ ಅನೇಕರಲ್ಲಿ, ಒಂದು ವಂಶಗುಣದ ದೆಸೆಯಿಂದ, ರಕ್ತದ ಬಿಳಿಕಣಗಳ ಒಂದು ಬಗೆ ಆರೋಗ್ಯದಲ್ಲಿಯೂ ಕಡಿಮೆಯಿರುತ್ತದೆ. ಯುರೋಪಿನ ಜನರನ್ನು ಅಳೆದು ಎಳೆದ ಗೆರೆಯ ಮುಂದೆ ಅಂಥವರು ರೋಗಿಗಳಂತೆ ಕಾಣುತ್ತಾರೆ. ಮಂಗನ ಕಾಯಿಲೆಯಲ್ಲಿಯೂ ಬಿಳಿಕಣಗಳು ಇಳಿಯುತ್ತವೆ. ಹೀಗಿರಲು, ಕಾಡಿನಿಂದ ಜ್ವರ ಹೊತ್ತು ಬಂದ ಒಬ್ಬ ಸಿದ್ದಿ ಯುವಕನ ಚೀಟಿಯಲ್ಲಿ ಬಿಳಿಕಣ ಕಡಿಮೆಯಿದ್ದರೆ, ಅದು ರೋಗದ ಗುರುತೋ ಅವನ ದೇಹದ ವಾಡಿಕೆಯೋ? ಅವನು ಚೆನ್ನಾಗಿದ್ದಾಗಿನ ಹಳೆಯ ಚೀಟಿಯೊಂದು ಕೈಯಲ್ಲಿದ್ದರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ನಮ್ಮ ಅತ್ಯಂತ ಹತ್ತಿರದ ಅಳತೆಗೋಲು ನಮ್ಮ ನಿನ್ನೆಯೇ.

ಹಾಗಾದರೆ ಪ್ರತಿಯೊಂದು ಜನಕ್ಕೂ ಬೇರೆ ಬೇರೆ ಅಳತೆಗೋಲು ಬೇಕೆ? ಇಲ್ಲಿ ಮಲೇರಿಯದ ಪಾಠವನ್ನು ಮತ್ತೆ ನೆನೆಯಬೇಕು. ಬಡತನದಿಂದ ಸೊರಗಿದ ಮಕ್ಕಳಿಗೆ ಅವರದೇ ಚಿಕ್ಕ ಅಳತೆಗೋಲನ್ನು ಮಾಡಿಕೊಟ್ಟರೆ ಹಸಿವನ್ನೇ ವಾಡಿಕೆಯೆಂದು ಒಪ್ಪಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಆರು ದೇಶಗಳಲ್ಲಿ, ತಾಯಿಯ ಹಾಲುಂಡು ಒಳ್ಳೆಯ ಪರಿಸರದಲ್ಲಿ ಬೆಳೆದ ಸುಮಾರು 8,400 ಮಕ್ಕಳನ್ನು ಅಳೆದು 2006ರಲ್ಲಿ ಬೆಳವಣಿಗೆಯ ಮಾನಕವನ್ನು ಪ್ರಕಟಿಸಿತು. ಅನುಕೂಲವಿದ್ದರೆ ಎಲ್ಲ ದೇಶಗಳ ಎಳೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಬೆಳೆಯುತ್ತಾರೆಂದು ಅದರಿಂದ ಕಂಡುಬಂತು. ಅಂಗನವಾಡಿಯಲ್ಲಿ ತೂಗಿದ ಮಗು ಆ ಮಾನಕಕ್ಕಿಂತ ಎರಡು ವಿಚಲನೆಗಳಷ್ಟು ಕೆಳಗಿದ್ದರೆ ಕಡಿಮೆ ತೂಕದ್ದು, ಮೂರರಷ್ಟು ಕೆಳಗಿದ್ದರೆ ತೀವ್ರವಾಗಿ ಕಡಿಮೆ ತೂಕದ್ದು. ಇಲ್ಲಿ ಅಳೆಯುತ್ತಿರುವುದು ಆ ಮಗುವಿನ ಕೊರತೆಯನ್ನಲ್ಲ. ಅದಕ್ಕೆ ನಾವು ಸಲ್ಲಿಸದೆ ಉಳಿಸಿಕೊಂಡ ಬಾಕಿಯನ್ನು.

ಬಿಳಿಕಣದಲ್ಲಿ ಭೇದವನ್ನು ಗೌರವಿಸಬೇಕು. ಮಗುವಿನ ತೂಕದಲ್ಲಿ ಭೇದವನ್ನು ನೀಗಬೇಕು. ಯಾವುದು ಯಾವುದೆಂದು ಸೂತ್ರ ಹೇಳಿಕೊಡುವುದಿಲ್ಲ. ಸೂತ್ರವು ದೂರವನ್ನು ಅಳೆದುಕೊಡುತ್ತದೆ, ಅಷ್ಟೆ. ಆ ದೂರ ದೋಷವೋ, ವೈವಿಧ್ಯವೋ, ಅನ್ಯಾಯವೋ ಎಂದು ನಿರ್ಣಯಿಸುವ ಭಾರ ವಿವೇಕದ ಮೇಲೆ ಉಳಿಯುತ್ತದೆ. ‘ದೋಷ’ವನ್ನು ಅಳಿಸಿ ‘ವಿಚಲನೆ’ ಎಂದು ಬರೆದ ಪಂಡಿತರು ನಮಗೆ ಬಿಟ್ಟುಹೋದ ಕೆಲಸ ಅದು.

(ಆಕಾಶವಾಣಿಯ ಕೃಪೆಯಿಂದ)