ಪೆಟ್ರೋಲೋ, ಕಿಡಿಯೋ?

ಕಳೆದ ತಿಂಗಳು ನಮ್ಮ ಹಳೆಯ ಕಾರು ಏರುರಸ್ತೆಯಲ್ಲಿ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡಿತು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಏನೂ ಆಗದ ಹಾಗೆ ಓಡಿತು. ಮಗ ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ, “ಪಿ0171 ಅಂತ ಬಂತು. ಗೊತ್ತಾಯ್ತಲ್ಲ, ಬಿಡಪ್ಪ” ಅಂದ. ಆದರೆ ಆ ಸಂಕೇತದ ಅರ್ಥ, ಎಂಜಿನ್ನಿಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದಷ್ಟೇ. ಯಾಕೆ ಸಿಗುತ್ತಿಲ್ಲ ಎಂದು ಅದು ಹೇಳುವುದಿಲ್ಲ.

ಈ ಹುಡುಕಾಟ ಕಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಅವರು ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಚಕ್ರದ ಕಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟರು. ಸುಮಾರು 100 ಕಿಲೋಮೀಟರ್ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಕಿಡಿ ಕೊಡುವ ತಂತಿ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದರು. ದಿಬ್ಬಗಳಲ್ಲಿ ಹುಡುಗರು ಇಳಿದು ತಳ್ಳಿದರು. ಇಂಧನ ಮತ್ತು ಕಿಡಿ: ಮುಂದೆ ನೂರು ವರ್ಷ ಮೆಕ್ಯಾನಿಕ್‌ಗಳು ಮೊದಲು ನೋಡುತ್ತಿದ್ದದ್ದು ಇವೆರಡನ್ನೇ.

ನಮ್ಮ ಕಡೆ ಫಿಯೆಟ್, ಅಂಬಾಸಿಡರ್ ಓಡುತ್ತಿದ್ದ ಕಾಲದಲ್ಲಿ ಇದಕ್ಕೆ ಬೇಸಿಗೆಯೂ ಸೇರಿಕೊಂಡಿತು. ಆ ಕಾರುಗಳ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಬಿಸಿಗೆ ಪೈಪಿನಲ್ಲಿ ಆವಿ ತುಂಬಿದರೆ ಪಂಪಿಗೆ ಎಳೆಯಲು ಪೆಟ್ರೋಲೇ ಸಿಗದು. ಇದೇ ವೇಪರ್ ಲಾಕ್. ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು.

ನಮ್ಮ ಅಪ್ಪನ ಫಿಯೆಟ್ ಹೀಗೆ ಬಿಸಿಯಾದಾಗಲೆಲ್ಲ ನಿಲ್ಲುತ್ತಿತ್ತು. ಹಾಸನದ ಮೆಕ್ಯಾನಿಕ್ ಒಬ್ಬರು “ಕಾಯಿಲ್ ಹೋಗಿದೆ ಸಾರ್” ಅಂದಿದ್ದರು. ದುಡ್ಡು ಕೀಳಲು ಹೇಳುತ್ತಿದ್ದಾನೆಂದು ಅಪ್ಪ ಜಗಳವಾಡಿ, ಬೇರೆ ಕಡೆ ಹೊಸ ಪಂಪು ಹಾಕಿಸಿದರು. ಆ ಏಪ್ರಿಲ್‌ನಲ್ಲಿ ಧರ್ಮಸ್ಥಳದಿಂದ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯಲ್ಲಿ ಕಾರು ನಿಂತಿತು. ಅಮ್ಮನ ಟವೆಲ್ಲು, ಬಾಟಲಿಯ ನೀರು ಎಲ್ಲ ಪಂಪಿಗೆ ಸುರಿದದ್ದಾಯಿತು. ಜೀಪಿನ ಡ್ರೈವರ್ ಒಬ್ಬರು ನಿಲ್ಲಿಸಿ, ಪ್ಲಗ್ಗಿನ ವಯರ್ ಕಿತ್ತು ಎಂಜಿನ್ನಿನ ಹತ್ತಿರ ಹಿಡಿದು ಸೆಲ್ಫ್ ಹೊಡೆಯಲು ಹೇಳಿದರು. (ಮಕ್ಕಳೇ, ನೀವು ಮಾಡಬೇಡಿ, ಜೋರಾಗಿ ಶಾಕ್ ಹೊಡೆಯುತ್ತದೆ.) ನೀಲಿಯಾಗಿ ಚಟಚಟ ಅನ್ನಬೇಕಾದ ಕಿಡಿ ಮಂಕು ಹಳದಿಯಾಗಿ ಒಮ್ಮೆ ಮಿನುಗಿ ಸತ್ತಿತು. ಕಾಯಿಲ್ ಕೂಡ ಬಿಸಿಗೆ ಸೋತು ತಣಿದರೆ ಸರಿಯಾಗುತ್ತದೆ. ಕಾದದ್ದರಿಂದಲೇ ಕಾರು ಹೊರಡುತ್ತಿತ್ತು, ನಾವು ಒದ್ದೆ ಬಟ್ಟೆಗೆ ಕೈಮುಗಿಯುತ್ತಿದ್ದೆವು! ನಿಂತು ನಿಂತು ಘಾಟಿ ಹತ್ತಿದೆವು. ಹಾಸನಕ್ಕೆ ಬಂದ ಮೇಲೆ ಅಪ್ಪ ಮೊದಲು ಹೋದದ್ದು ಮನೆಗಲ್ಲ, ಆ ಮೆಕ್ಯಾನಿಕ್‌ನ ಅಂಗಡಿಗೆ.

ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಪಂಪು ಟ್ಯಾಂಕಿನೊಳಗೆ ಸೇರಿತು. ಅದು ಪೆಟ್ರೋಲನ್ನು ಒತ್ತಡದಲ್ಲಿ ತಳ್ಳುತ್ತದೆ. ಕುಕ್ಕರಿನೊಳಗೆ ನೀರು 100 ಡಿಗ್ರಿಗೂ ಕುದಿಯದ ಹಾಗೆ, ಒತ್ತಡದಲ್ಲಿರುವ ಪೆಟ್ರೋಲ್ ಸುಲಭವಾಗಿ ಆವಿಯಾಗದು. ಹೀಗೆ ವೇಪರ್ ಲಾಕ್ ಬಹುಮಟ್ಟಿಗೆ ಮರೆಯಾಯಿತು. ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಲ್ಲೂ 1996ರಿಂದ ಒಂದೇ ಬಗೆಯ ಸ್ಕ್ಯಾನರ್ ಸಾಕೆಟ್ ಕಡ್ಡಾಯವಾಯಿತು. ಹೊಗೆ ಕಡಿಮೆ ಮಾಡಲು ಬಂದ ನಿಯಮ, ಮೆಕ್ಯಾನಿಕ್‌ಗಳಿಗೂ ವರವಾಯಿತು.

ನಮ್ಮ ಕಾರಿಗೆ ಬರೋಣ. ಪೆಟ್ರೋಲಿನ ಒತ್ತಡ ಅಳೆಯುವ ಗೇಜ್ ಹಾಕಿಸಿದೆವು. ಎಂಜಿನ್ ತಣ್ಣಗಿದ್ದಾಗ ಮುಳ್ಳು ಸರಿಯಾಗಿಯೇ ನಿಂತಿತು. ಮಗ ಆಗಲೇ ಹೊಸ ಸೆನ್ಸರ್‌ಗೆ ಆರ್ಡರ್ ಮಾಡುವ ಅವಸರದಲ್ಲಿದ್ದ. ತಡೆದು, ಅರ್ಧ ಗಂಟೆ ಓಡಿಸಿಕೊಂಡು ಬಂದು ನೋಡಿದರೆ ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು. ಟ್ಯಾಂಕಿನೊಳಗಿನ ಪಂಪು ಮುದಿಯಾಗಿತ್ತು.

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಗನೇ ಮೊದಲು ಮಾತಾಡಿದ: “ತಾತ, ಈ ಸಲ ಪೆಟ್ರೋಲೇ!”